ಎಂಟಕ್ಕೆ ಒಂದು: ನಾನಾವತಿ ಮೊಕದ್ದಮೆ ಮತ್ತು ಹಿಂದಿ ಸಿನಿಮಾದ ಕಟಕಟೆ

2016ರ ಆಗಸ್ಟ್ 12ರಂದು ತೆರೆಕಂಡ ‘ರುಸ್ತುಂ’ ಚಿತ್ರದಲ್ಲಿ ಜ್ಯೂರಿ ನಾಯಕನನ್ನು ನಿರಪರಾಧಿ ಎಂದು ಸಾರುತ್ತದೆ. ಪ್ರೇಕ್ಷಕ ಹಗುರ ಮನಸ್ಸಿನಿಂದ ಎದ್ದು ಹೋಗುತ್ತಾನೆ. ಆ ಕಥೆಯ ಬೇರಾಗಿರುವ ನಿಜವಾದ ಮೊಕದ್ದಮೆಯಲ್ಲೂ ಇಂಥದೇ ಘೋಷಣೆ ಆಗಿತ್ತು, 1959ರ ಅಕ್ಟೋಬರ್ 21ರಂದು. ಆದರೆ ಮೊಕದ್ದಮೆ ಅಲ್ಲಿಗೆ ಮುಗಿಯಲಿಲ್ಲ. ಅದಾದ ಮೇಲೂ ಎರಡು ವರ್ಷ ಒಂದು ತಿಂಗಳು ನಡೆದು, ಸರ್ವೋಚ್ಚ ನ್ಯಾಯಾಲಯದಲ್ಲಿ ಅದು ಕೊಲೆಯೇ ಎಂದು ತೀರ್ಮಾನವಾಯಿತು. ಕಾನೂನಿನ ಪುಸ್ತಕದಲ್ಲಿ ಉಳಿದಿರುವುದು ಈ ಎರಡನೆಯ ತೀರ್ಪು. ಜನರ ನೆನಪಿನಲ್ಲಿ ಉಳಿದಿರುವುದು ಮೊದಲನೆಯದು. ಆ ನೆನಪನ್ನು ಬೆಳೆಸುವುದರಲ್ಲಿ ಸಿನಿಮಾದ ಪಾಲು ಎಷ್ಟು ಎಂಬುದು ಈ ಲೇಖನದ ವಿಷಯ.

ಘಟನೆಯನ್ನು ತೀರ್ಪಿನಲ್ಲಿ ದಾಖಲಾದ ಕ್ರಮದಲ್ಲೇ ನೋಡಬೇಕು, ಯಾಕೆಂದರೆ ಇಲ್ಲಿ ಗಂಟೆಗಳ ಲೆಕ್ಕವೇ ಕಾನೂನಿನ ಪ್ರಶ್ನೆ. ಕಮಾಂಡರ್ ಕವಾಸ್ ಮಾಣೆಕ್‌ಶಾ ನಾನಾವತಿ ಭಾರತೀಯ ನೌಕಾಪಡೆಯ ‘ಐಎನ್‌ಎಸ್ ಮೈಸೂರು’ ಹಡಗಿನಲ್ಲಿ ಎರಡನೆಯ ಸ್ಥಾನದ ಅಧಿಕಾರಿ. ಬ್ರಿಟಿಷ್ ನೌಕಾಪಡೆಯಿಂದ ಕೊಂಡು 1957ರಲ್ಲಿ ನಮ್ಮ ಪಡೆಗೆ ಸೇರಿಸಿದ ಆ ಯುದ್ಧನೌಕೆಗೆ ನಮ್ಮ ನಾಡಿನ ಹೆಸರಿತ್ತು, ಲಾಂಛನದಲ್ಲಿ ಗಂಡಭೇರುಂಡವಿತ್ತು. 1959ರ ಏಪ್ರಿಲ್ 27ರ ಮಧ್ಯಾಹ್ನ ಮುಂಬೈಯ ಮನೆಯಲ್ಲಿ ಊಟದ ಹೊತ್ತಿಗೆ ಅವರ ಪತ್ನಿ, ತಮಗೂ ಕುಟುಂಬದ ಸ್ನೇಹಿತ ಪ್ರೇಮ್ ಅಹುಜಾಗೂ ಸಂಬಂಧ ಬೆಳೆದಿರುವುದನ್ನು ಒಪ್ಪಿಕೊಂಡರು. ಅಹುಜಾ ಕಾರು ವ್ಯಾಪಾರಿ. ಕಮಾಂಡರ್ ಪತ್ನಿಯನ್ನೂ ಮಕ್ಕಳನ್ನೂ ಕಾರಿನಲ್ಲಿ ಮೆಟ್ರೊ ಚಿತ್ರಮಂದಿರಕ್ಕೆ ಬಿಟ್ಟರು. ಅಲ್ಲಿಂದ ಹಡಗಿಗೆ ಹೋದರು. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರು ಓಡಿಸಿಕೊಂಡು ಹೋಗಬೇಕಿದೆ ಎಂಬ ಕಾರಣ ಕೊಟ್ಟು ರಿವಾಲ್ವರ್ ಮತ್ತು ಆರು ಗುಂಡು ಪಡೆದು, ಕಂದು ಲಕೋಟೆಯಲ್ಲಿ ಇಟ್ಟುಕೊಂಡರು. ಅಹುಜಾನ ಕಚೇರಿಗೆ ಹೋದರೆ ಆತ ಅಲ್ಲಿರಲಿಲ್ಲ. ನೇಪಿಯನ್ ಸೀ ರಸ್ತೆಯ ಬಳಿಯ ಸೆಟಲ್‌ವಾಡ್ ಓಣಿಯಲ್ಲಿದ್ದ ಅವನ ಫ್ಲ್ಯಾಟಿಗೆ ಹೋಗಿ ಮಲಗುವ ಕೋಣೆ ಹೊಕ್ಕಾಗ ಸಂಜೆ 4 ಗಂಟೆ 20 ನಿಮಿಷದ ಆಸುಪಾಸು. ಮೂರು ಗುಂಡುಗಳು ಹಾರಿದವು. ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡಿದ್ದ ಅಹುಜಾ ಸತ್ತುಬಿದ್ದ. ಕಮಾಂಡರ್ ಪೊಲೀಸರಿಗೆ ಶರಣಾದರು.

ಕೈಕೈ ಮಿಲಾಯಿಸಿದಾಗ ರಿವಾಲ್ವರ್ ಆಕಸ್ಮಿಕವಾಗಿ ಸಿಡಿಯಿತು ಎಂಬುದು ಆರೋಪಿಯ ಪರ ವಕೀಲ ಕಾರ್ಲ್ ಖಂಡಾಲಾವಾಲಾ ಅವರ ವಾದ. ಹಾಗಾದರೆ ಸತ್ತವನ ಸೊಂಟದ ಟವೆಲ್ ಸಡಿಲವಾಗದೆ ಉಳಿದದ್ದು ಹೇಗೆ ಎಂದು ಪ್ರಾಸಿಕ್ಯೂಷನ್ ಕೇಳಿತು. ಮುಂದೆ ಈ ಟವೆಲ್ ಎಷ್ಟು ಪ್ರಸಿದ್ಧವಾಯಿತೆಂದರೆ ಮುಂಬೈಯ ಬೀದಿಗಳಲ್ಲಿ ಅಹುಜಾನ ಹೆಸರಿನ ಟವೆಲ್‌ಗಳೂ ನಾನಾವತಿಯ ಹೆಸರಿನ ಆಟಿಕೆ ಪಿಸ್ತೂಲುಗಳೂ ಮಾರಾಟವಾದವೆಂದು ಆ ಕಾಲದ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಒಬ್ಬ ಮನುಷ್ಯನ ಸಾವು ಹೀಗೆ ಬೀದಿಯ ಸರಕಾದದ್ದನ್ನು ಓದುವಾಗ ನನಗೆ ನೋವಾಗುತ್ತದೆ. ಸತ್ತವನಿಗೂ ಅವನಿಗಾಗಿ ನ್ಯಾಯ ಕೇಳುತ್ತಿದ್ದ ಸೋದರಿ ಇದ್ದಳು. ಆಕೆಯ ಪರವಾಗಿ ಮೊಕದ್ದಮೆಯ ಮೇಲೆ ಕಣ್ಣಿಟ್ಟಿದ್ದ ತರುಣ ವಕೀಲರೇ ರಾಮ್ ಜೇಠ್ಮಲಾನಿ.

ಸೆಷನ್ಸ್ ನ್ಯಾಯಾಧೀಶ ಆರ್.ಬಿ. ಮೆಹ್ತಾ ಅವರ ಮುಂದೆ ವಿಚಾರಣೆ ಸೆಪ್ಟೆಂಬರ್ 23ರಂದು ಶುರುವಾಯಿತು. ಒಂಬತ್ತು ಮಂದಿಯ ವಿಶೇಷ ಜ್ಯೂರಿ ಎಂಟಕ್ಕೆ ಒಂದರಂತೆ ಆರೋಪಿ ನಿರ್ದೋಷಿ ಎಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ, ಚಿತ್ರಗಳು ಕೈಬಿಟ್ಟದ್ದು ಇದನ್ನೇ. ಇಂಗ್ಲೆಂಡಿನಲ್ಲಿ ಜ್ಯೂರಿ ಬಿಡುಗಡೆ ಎಂದರೆ ಮುಗಿಯಿತು. ಭಾರತದಲ್ಲಿ ಹಾಗಿರಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮು, ಜ್ಯೂರಿಯ ನಿರ್ಣಯ ತೀರಾ ಅಸಂಗತವೆನಿಸಿದರೆ ಅದನ್ನು ಒಪ್ಪದೆ ಹೈಕೋರ್ಟಿಗೆ ಒಪ್ಪಿಸುವ ಅಧಿಕಾರವನ್ನು ನ್ಯಾಯಾಧೀಶನಿಗೆ ಕೊಟ್ಟಿತ್ತು. ವಸಾಹತು ಸರ್ಕಾರ ಭಾರತೀಯ ಜ್ಯೂರಿಯನ್ನು ಪೂರ್ತಿ ನಂಬಿರಲೇ ಇಲ್ಲ ಎಂಬುದಕ್ಕೆ ಆ ಕಲಮೇ ಸಾಕ್ಷಿ. ಮೆಹ್ತಾ ಆ ಅಧಿಕಾರವನ್ನು ಬಳಸಿದರು.

ಹೈಕೋರ್ಟಿನಲ್ಲಿ ಸರ್ಕಾರದ ಪರ ವಾದಿಸಿದವರು ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ವೈ.ವಿ. ಚಂದ್ರಚೂಡ್. ನ್ಯಾಯಮೂರ್ತಿ ಶೇಲತ್ ಮತ್ತು ನಾಯಕ್ 1960ರ ಮಾರ್ಚ್ 11ರಂದು ಜೀವಾವಧಿ ಶಿಕ್ಷೆ ವಿಧಿಸಿದರು. ಅದೇ ದಿನ ರಾಜ್ಯಪಾಲ ಶ್ರೀಪ್ರಕಾಶ ಸಂವಿಧಾನದ 161ನೇ ವಿಧಿಯಡಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಮೇಲ್ಮನವಿ ಮುಗಿಯುವ ತನಕ ಕಮಾಂಡರ್ ನೌಕಾಪಡೆಯ ವಶದಲ್ಲೇ ಇರುವಂತೆ ಆಜ್ಞೆ ಹೊರಡಿಸಿದರು. ಸಾಮಾನ್ಯ ಕೈದಿಗೆ ಇಂಥ ಭಾಗ್ಯ ಇಲ್ಲ. ಪ್ರಕರಣ ತನ್ನ ಮುಂದಿರುವಾಗ ರಾಜ್ಯಪಾಲರ ಆ ಆಜ್ಞೆ ನಡೆಯದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 1960ರ ಸೆಪ್ಟೆಂಬರ್ 5ರಂದು ಬಹುಮತದಿಂದ ಹೇಳಿತು. ಕಮಾಂಡರ್ ಆರ್ಥರ್ ರಸ್ತೆಯ ಜೈಲಿಗೆ ಹೋದರು.

ತೀರ್ಪುಗಳ ಹೆಸರಿನಲ್ಲೇ ಆ ಕಾಲದ ಭೂಪಟವೂ ಬದಲಾಗಿದೆ. 1960ರ ಪ್ರಕರಣದಲ್ಲಿ ಎದುರುವಾದಿ ಮುಂಬೈ ರಾಜ್ಯ. 1961ರ ತೀರ್ಪಿನಲ್ಲಿ ಮಹಾರಾಷ್ಟ್ರ ರಾಜ್ಯ. 1960ರ ಮೇ 1ರಂದು ಹಳೆಯ ರಾಜ್ಯ ಒಡೆದು ಎರಡಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡದವರು 1956ರವರೆಗೂ ಮೇಲ್ಮನವಿಗೆ ಹತ್ತುತ್ತಿದ್ದದ್ದು ಇದೇ ಮುಂಬೈ ಹೈಕೋರ್ಟಿನ ಮೆಟ್ಟಿಲನ್ನು.

1961ರ ನವೆಂಬರ್ 24ರಂದು ನ್ಯಾಯಮೂರ್ತಿ ಕೆ. ಸುಬ್ಬರಾವ್ ಬರೆದ ತೀರ್ಪು ಮೇಲ್ಮನವಿಯನ್ನು ವಜಾ ಮಾಡಿತು. ಭಾರತ ದಂಡ ಸಂಹಿತೆಯ 300ನೇ ಕಲಮಿನ ಮೊದಲನೆಯ ವಿನಾಯಿತಿ, ‘ಗಂಭೀರ ಹಾಗೂ ಹಠಾತ್ ಪ್ರಚೋದನೆ’ಯಿಂದ ವಿವೇಕ ಕಳೆದುಕೊಂಡವನು ಕೊಂದರೆ ಅದು ಕೊಲೆಯಾಗದು ಎನ್ನುತ್ತದೆ. ಆ ಮಾತಿನ ಅಳತೆಗೋಲನ್ನು ಈ ತೀರ್ಪು ನಿಗದಿ ಮಾಡಿತು. ಆರೋಪಿಯ ಸಮಾಜದ ಸ್ತರಕ್ಕೇ ಸೇರಿದ ವಿವೇಕಿ ಮನುಷ್ಯ ಆ ಸ್ಥಿತಿಯಲ್ಲಿ ಹಿಡಿತ ತಪ್ಪುತ್ತಿದ್ದನೇ ಎಂದು ನೋಡಬೇಕು. ಮಾತು ಮತ್ತು ಸನ್ನೆ ಕೂಡ ಪ್ರಚೋದನೆ ಆಗಬಹುದು. ಹಿಂದಿನ ಮನಃಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ ಮಾರಕ ಏಟು ಆ ಉದ್ವೇಗದಿಂದಲೇ ಹುಟ್ಟಿರಬೇಕು, ಉದ್ವೇಗ ತಣ್ಣಗಾದ ಮೇಲೆ ಬಂದದ್ದಾಗಿರಬಾರದು. ಕಮಾಂಡರ್ ಮನೆ ಬಿಟ್ಟದ್ದು ಸುಮಾರು ಒಂದೂವರೆ ಗಂಟೆಗೆ, ಗುಂಡು ಹಾರಿದ್ದು ನಾಲ್ಕು ಇಪ್ಪತ್ತಕ್ಕೆ. ನಡುವೆ ಸುಮಾರು ಮೂರು ಗಂಟೆ. ಆ ಹೊತ್ತಿನಲ್ಲಿ ಕಮಾಂಡರ್ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟಿದ್ದರು, ಅವರ ಮುಂದಿನ ಬದುಕಿನ ಬಗ್ಗೆ ಯೋಚಿಸಿದ್ದರು, ಹಡಗಿನಲ್ಲಿ ಕಚೇರಿಯ ಕೆಲಸವನ್ನೂ ಮಾಡಿದ್ದರು. ಇದು ಹಿಡಿತ ತಪ್ಪಿದವನ ನಡೆಯಲ್ಲ ಎಂದಿತು ನ್ಯಾಯಾಲಯ. ಮೆಟ್ರೊ ಚಿತ್ರಮಂದಿರದ ಬಾಗಿಲವರೆಗಿನ ಆ ಕಾರಿನ ಪಯಣ ಆರೋಪಿಯ ವಿರುದ್ಧದ ಸಾಕ್ಷ್ಯವಾಯಿತು. ಜ್ಯೂರಿಗೆ ತಿಳಿಹೇಳುವಾಗ, ಆಕಸ್ಮಿಕ ಎಂದು ವಾದಿಸುವವನೇ ಅದನ್ನು ರುಜುವಾತು ಮಾಡಬೇಕೆಂದು ಸೆಷನ್ಸ್ ನ್ಯಾಯಾಧೀಶರು ಸ್ಪಷ್ಟವಾಗಿ ವಿವರಿಸಿರಲಿಲ್ಲ ಎಂಬ ಲೋಪವನ್ನೂ ತೀರ್ಪು ಎತ್ತಿ ಹೇಳಿದೆ. ಎಂಟು ಮಂದಿಯ ನಿರ್ಣಯ ದಾರಿ ತಪ್ಪಿದ್ದರಲ್ಲಿ ತಪ್ಪು ಅವರದಷ್ಟೇ ಅಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಆದರೂ ಕಮಾಂಡರ್ ಪರವಾದ ಅಲೆ ಇಳಿಯಲಿಲ್ಲ. ಆರ್.ಕೆ. ಕರಂಜಿಯಾ ಸಂಪಾದಿಸುತ್ತಿದ್ದ ‘ಬ್ಲಿಟ್ಜ್’ ವಾರಪತ್ರಿಕೆ ಅವರನ್ನು ಮೋಸಹೋದ ಗಂಡ, ಮಾನಧನನಾದ ಯೋಧ ಎಂದು ಚಿತ್ರಿಸಿ ಕ್ಷಮಾದಾನಕ್ಕಾಗಿ ಬಹಿರಂಗವಾಗಿ ಒತ್ತಾಯಿಸಿತು. 25 ಪೈಸೆಯ ಪ್ರತಿ 2 ರೂಪಾಯಿಗೆ ಮಾರಾಟವಾಯಿತೆಂದು ಹೇಳುತ್ತಾರೆ. ಮುಂದೆ ತೆರೆಗೆ ಬಂದ ನಾಯಕನ ಅಚ್ಚು ಎರಕ ಹೊಯ್ದದ್ದು ಈ ಪತ್ರಿಕೆಯ ಪುಟಗಳಲ್ಲೇ ಎಂಬುದು ನನ್ನ ಅಭಿಪ್ರಾಯ. 1964ರ ಮಾರ್ಚ್‌ನಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಜೊತೆಗೇ ಆಮದು ಪರವಾನಗಿ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಸಿಂಧಿ ಮುಖಂಡ ಭಾಯಿ ಪ್ರತಾಪರಿಗೂ ಕ್ಷಮೆ ಸಿಕ್ಕಿತು. ಒಬ್ಬರು ಪಾರ್ಸಿ, ಇನ್ನೊಬ್ಬರು ಸಿಂಧಿ; ಅಹುಜಾ ಕೂಡ ಸಿಂಧಿ. ಎರಡು ಸಮುದಾಯಗಳ ಮನಸ್ಸನ್ನು ಸರಿದೂಗಿಸಿದ ಆ ಲೆಕ್ಕಾಚಾರ ಯಾರಿಗೂ ತಿಳಿಯದ್ದಲ್ಲ. ನಾನಾವತಿ 1968ರಲ್ಲಿ ಸಂಸಾರ ಸಮೇತ ಕೆನಡಾಕ್ಕೆ ಹೋಗಿ ನೆಲೆಸಿದರು. 2003ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನು ಚಿತ್ರಗಳು. ಮೊದಲನೆಯದು ಆರ್.ಕೆ. ನಯ್ಯರ್ ನಿರ್ದೇಶಿಸಿದ ‘ಯೇ ರಾಸ್ತೆ ಹೈಂ ಪ್ಯಾರ್ ಕೆ’. ಸುನಿಲ್ ದತ್, ಲೀಲಾ ನಾಯ್ಡು, ರೆಹಮಾನ್ ಅದರಲ್ಲಿ ಮುಖ್ಯ ಪಾತ್ರಧಾರಿಗಳು. ವಕೀಲರಾಗಿ ಅಶೋಕ್ ಕುಮಾರ್ ಮತ್ತು ಮೋತಿಲಾಲ್ ಎದುರುಬದುರು ನಿಲ್ಲುತ್ತಾರೆ. ನೌಕಾಧಿಕಾರಿ ಇಲ್ಲಿ ವಿಮಾನ ಚಾಲಕ. ಚಿತ್ರಕಥೆ ಮೊಕದ್ದಮೆಗೂ ಮುಂಚೆಯೇ ಬರೆದದ್ದು, ಹೋಲಿಕೆ ಕಾಕತಾಳೀಯ ಎಂದು ಲೀಲಾ ನಾಯ್ಡು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಅವರ ಮಾತನ್ನು ಅಲ್ಲಗಳೆಯಬೇಕಿಲ್ಲ. ಆದರೆ 1963ರಲ್ಲಿ ಟಿಕೆಟ್ ಕೊಂಡವರು ತೆರೆಯ ಮೇಲೆ ಕಂಡದ್ದು ನಾನಾವತಿಯನ್ನೇ. ಚಿತ್ರದ ನ್ಯಾಯಾಲಯ ನಾಯಕನನ್ನು ಬಿಡುಗಡೆ ಮಾಡುವ ಹೊತ್ತಿಗೆ ನಿಜವಾದ ಕಮಾಂಡರ್ ಇನ್ನೂ ಕ್ಷಮಾದಾನ ಸಿಗದ ಜೀವಾವಧಿ ಕೈದಿ. ರಾಜಭವನದ ಆಜ್ಞೆಗಿಂತ ಮುಂಚೆಯೇ ಸಿನಿಮಾ ಕ್ಷಮೆ ಕೊಟ್ಟಿತ್ತು.

ಗುಲ್ಜಾರ್ ಅವರ ‘ಅಚಾನಕ್’ (1973) ಬೇರೆಯದೇ ಜಾತಿಯ ಕೃತಿ. ಹಾಡುಗಳಿಲ್ಲ, ಕೋರ್ಟಿನ ವಾದವೈಭವವೂ ಇಲ್ಲ. ವಿನೋದ್ ಖನ್ನಾ ಪಾತ್ರದ ಮೇಜರ್ ಹೆಂಡತಿಯನ್ನೂ ಗೆಳೆಯನನ್ನೂ ಕೊಂದು ಮರಣದಂಡನೆಗೆ ಗುರಿಯಾಗಿದ್ದಾನೆ. ತಪ್ಪಿಸಿಕೊಂಡು ಗುಂಡೇಟು ತಿಂದವನನ್ನು ವೈದ್ಯರು ಉಳಿಸಿಕೊಳ್ಳುತ್ತಾರೆ, ನೇಣಿಗೇರಿಸಲೆಂದು. ಕಾನೂನನ್ನು ನೇರವಾಗಿ ಪ್ರಶ್ನಿಸುವ ಧೈರ್ಯ ಮೂರು ಚಿತ್ರಗಳಲ್ಲಿ ಇದಕ್ಕೊಂದಕ್ಕೇ ಇದೆ. ಇದರ ಕಥೆ ಬರೆದವರು ಕೆ.ಎ. ಅಬ್ಬಾಸ್. ಕ್ಷಮಾದಾನದ ಚಳವಳಿ ನಡೆಸಿದ ‘ಬ್ಲಿಟ್ಜ್’ನಲ್ಲೇ ಅವರು ದಶಕಗಳ ಕಾಲ ಕೊನೆಯ ಪುಟದ ಅಂಕಣ ಬರೆದರು. ಪತ್ರಿಕೆಯಿಂದ ತೆರೆಗೆ ಈ ಮೊಕದ್ದಮೆ ನಡೆದುಹೋದ ದಾರಿ ಇಷ್ಟು ಹತ್ತಿರದ್ದು.

‘ರುಸ್ತುಂ’ ಹೊತ್ತಿಗೆ ಕಥೆಗೆ ಹೊಸ ಹೊದಿಕೆ ಬೇಕಾಯಿತು. ಟೀನು ಸುರೇಶ್ ದೇಸಾಯಿ ನಿರ್ದೇಶನದ ಈ ಚಿತ್ರದಲ್ಲಿ ಅಕ್ಷಯ್ ಕುಮಾರ್ ಪಾತ್ರ ತನ್ನ ಮೊಕದ್ದಮೆಯನ್ನು ತಾನೇ ವಾದಿಸುತ್ತದೆ. ಕೊಲೆಯ ಹಿಂದೆ ಯುದ್ಧನೌಕೆ ಖರೀದಿಯ ಭ್ರಷ್ಟಾಚಾರವನ್ನು ತಂದಿಟ್ಟಿದ್ದಾರೆ. ಹೆಂಡತಿಯ ಸಂಬಂಧಕ್ಕಾಗಿ ಕೊಂದ ಗಂಡ ಈಗ ದೇಶಕ್ಕಾಗಿ ಹೋರಾಡಿದ ಸೈನಿಕ. ಆ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು. ನಟನೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಸತ್ತವನನ್ನು ದೇಶದ್ರೋಹದ ಸಂಚಿಗೆ ಸೇರಿಸಿದ ಕಥೆಯ ಬಗ್ಗೆ. ನಿಜವಾದ ಮೊಕದ್ದಮೆಯ ದಾಖಲೆಯಲ್ಲಿ ಅಂಥದೊಂದು ಅಕ್ಷರವೂ ಇಲ್ಲ.

ಈ ಮೊಕದ್ದಮೆಯಿಂದಲೇ ಭಾರತದಲ್ಲಿ ಜ್ಯೂರಿ ಪದ್ಧತಿ ರದ್ದಾಯಿತು ಎಂಬ ಮಾತೂ ಚಾಲ್ತಿಯಲ್ಲಿದೆ. ಇತಿಹಾಸ ಇಷ್ಟು ಸರಳವಾಗಿಲ್ಲ. ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡವೆಂದು ಶಿಫಾರಸು ಮಾಡಿದ್ದು 1958ರಲ್ಲಿ, ಅಹುಜಾನ ಕೋಣೆಯಲ್ಲಿ ಗುಂಡು ಹಾರುವ ಮುಂಚೆ. ನಾನಾವತಿಯ ನಂತರವೂ ಕೆಲವೆಡೆ ಜ್ಯೂರಿ ವಿಚಾರಣೆಗಳು ನಡೆದವು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಪಾರ್ಸಿ ವಿವಾಹ ನ್ಯಾಯಾಲಯಗಳಲ್ಲಿ ಮಾತ್ರ 1936ರ ಕಾಯ್ದೆಯ ಪ್ರಕಾರ ಸಮುದಾಯದ ಪ್ರತಿನಿಧಿಗಳು ಕೂರುವ ಕ್ರಮ ಉಳಿದುಕೊಂಡಿದೆ. ಈ ಮೊಕದ್ದಮೆ ಮೊದಲೇ ಕುಸಿಯುತ್ತಿದ್ದ ಗೋಡೆಗೆ ಬಿದ್ದ ಜೋರಿನ ಪೆಟ್ಟು, ಅಷ್ಟೇ. ಆದರೆ ಒಬ್ಬ ಸುಂದರ ಅಧಿಕಾರಿಗಾಗಿ ಒಂದು ನ್ಯಾಯಪದ್ಧತಿಯೇ ಮುಗಿದುಹೋಯಿತು ಎನ್ನುವ ಕಥೆ ಹೇಳುವವರಿಗೂ ಕೇಳುವವರಿಗೂ ಹಿತ. ಆ ಹಿತಕ್ಕೆ ಸಿನಿಮಾ ನೀರೆರೆಯಿತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ‘ಗಂಭೀರ ಹಾಗೂ ಹಠಾತ್ ಪ್ರಚೋದನೆ’ಯ ವಿನಾಯಿತಿ 101ನೇ ಕಲಮಿನಲ್ಲಿ ಹಾಗೆಯೇ ಮುಂದುವರಿದಿದೆ. ಹೆಂಡತಿಯ ಮೇಲಿನ ಅನುಮಾನಕ್ಕೆ ನೆತ್ತರು ಹರಿಸಿದವನು ಕಟಕಟೆಗೆ ಬಂದಾಗ ಸುಬ್ಬರಾವ್ ಅವರ ಅಳತೆಗೋಲನ್ನೇ ವಕೀಲರು ಇವತ್ತಿಗೂ ಕೈಗೆತ್ತಿಕೊಳ್ಳುತ್ತಾರೆ. ಹಾಗಾಗಿ ನಮ್ಮ ಕಾನೂನು ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ: 1961ರ ನವೆಂಬರ್ 24ರ ಆ ತೀರ್ಪನ್ನು ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಓದಿಸಿ ವಿವರಿಸಿ, ಆಮೇಲೆ ಈ ಮೂರು ಚಿತ್ರಗಳನ್ನು ತೋರಿಸಿ.