ಹೂಸ್ಟನ್ನಿನ ಒಂದು ಗಜ ಬಟ್ಟೆ

1950ರ ದಶಕದ ಆರಂಭ. ಟೆಕ್ಸಸ್ ರಾಜ್ಯದ ಹೂಸ್ಟನ್ನಿನ ಫೋಲೀಸ್ ಮಳಿಗೆಗೆ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ ಕೃತಕ ರಕ್ತನಾಳ ಮಾಡಲು ನೈಲಾನ್ ಕೇಳಿಕೊಂಡು ಹೋದಾಗ ಅದು ಖಾಲಿಯಾಗಿತ್ತು. ಅಂಗಡಿಯವರು ಹೊಸದಾಗಿ ಬಂದಿದ್ದ ಡೇಕ್ರಾನ್ ಎಂಬ ಬಟ್ಟೆ ತೋರಿಸಿದರು. ಒಂದು ಗಜ ಕೊಂಡ ಡಿಬೇಕಿ, ಹೆಂಡತಿಯ ಹೊಲಿಗೆ ಯಂತ್ರದ ಮುಂದೆ ಕೂತು ಅದನ್ನು ಕೊಳವೆಯಾಗಿ ಹೊಲಿದರು. ಚಿಕ್ಕಂದಿನಲ್ಲಿ ತಾಯಿ ಕಲಿಸಿದ ವಿದ್ಯೆ ಅದು. 1954ರಲ್ಲಿ ಅಂಥ ಕೊಳವೆ ರೋಗಿಯೊಬ್ಬರ ಹೊಟ್ಟೆಯ ಮಹಾಪಧಮನಿಯ ಜಾಗಕ್ಕೆ ಬಂತು. ನೈಲಾನ್ ದೇಹದೊಳಗೆ ಕ್ರಮೇಣ ಬಲ ಕಳೆದುಕೊಳ್ಳುತ್ತದೆ. ಡೇಕ್ರಾನ್ ಗಟ್ಟಿಯಾಗಿ ನಿಂತಿತು. ಕಾಲಿಗೆ ರಕ್ತ ಒಯ್ಯುವ ನಾಳಗಳ ಬೈಪಾಸಿಗೂ ಅದೇ ಆಸರೆಯಾಯಿತು.

ಕಾಲಿನ ಅಪಧಮನಿಯೊಳಗೆ ಕೊಬ್ಬು ಕಟ್ಟಿದರೆ ನಡೆಯುವಾಗ ಮೀನಖಂಡಕ್ಕೆ ರಕ್ತ ಸಾಲದು. ನೋವು ಹಿಡಿಯುತ್ತದೆ, ನಿಂತರೆ ಇಳಿಯುತ್ತದೆ. ಫ್ರಾನ್ಸಿನ ಪಶುವೈದ್ಯ ಬೂಲೆ 1831ರಲ್ಲಿ ಕುಂಟುವ ಕುದುರೆಯಲ್ಲಿ, ವೈದ್ಯ ಶಾರ್ಕೋ 1858ರಲ್ಲಿ ಮನುಷ್ಯನಲ್ಲಿ ಇದನ್ನು ವಿವರಿಸಿದ್ದರು. ಆದರೂ ಬಹುಕಾಲ, ಬೆರಳು ಕಪ್ಪಾಗಿ ಕೊಳೆತರೆ ಕಾಲು ಕತ್ತರಿಸುವುದೇ ಗತಿಯಾಗಿತ್ತು.

ಅದಕ್ಕೆ ಒಪ್ಪದ ಒಬ್ಬ ಅಜ್ಜಿಯಿಂದ ಮುಂದಿನ ತಿರುವು ಬಂತು. 1964ರ ಜನವರಿ 16ರಂದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ವೈದ್ಯ ಚಾರ್ಲ್ಸ್ ಡಾಟರ್, ಆ 82ರ ವೃದ್ಧೆಯ ತೊಡೆಯ ಅಪಧಮನಿಗೆ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ ಮುಚ್ಚಿದ ದಾರಿಯನ್ನು ಅಗಲಿಸಿದರು. ಪಾದ ಬೆಚ್ಚಗಾಯಿತು. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆಕೆ ತನ್ನ ಕಾಲ ಮೇಲೆಯೇ ಓಡಾಡಿದರು.

ಅಗಲಿಸಿದ ನಾಳ ಮತ್ತೆ ಕುಸಿಯದಂತೆ ಸ್ಟೆಂಟ್ ಎಂಬ ಲೋಹದ ಜಾಲರಿ ರೂಪಿಸಿದವರು ಟೆಕ್ಸಸ್‌ನದೇ ಸ್ಯಾನ್ ಆಂಟೋನಿಯೊದಲ್ಲಿ ದುಡಿದ ವೈದ್ಯ ಹುಲಿಯೊ ಪಾಲ್ಮಾಜ್. ಕಾಲಿನ ಕಡೆಗೆ ಹೋಗುವ ಇಲಿಯಾಕ್ ನಾಳಕ್ಕೆ ಅವರ ಸ್ಟೆಂಟ್ ಬಳಸಲು ಅಮೆರಿಕದಲ್ಲಿ 1991ರಲ್ಲೇ ಅನುಮತಿ ಸಿಕ್ಕಿತು; ಹೃದಯದ ನಾಳಕ್ಕೆ ಸಿಕ್ಕಿದ್ದು 1994ರಲ್ಲಿ.

ಇಷ್ಟೆಲ್ಲ ಸಾಧನಗಳಿದ್ದರೂ ರೋಗ ಬೇಗ ಗೊತ್ತಾದಷ್ಟೂ ಕಾಲು ಉಳಿಸುವುದು ಸುಲಭ. ಡಲ್ಲಾಸ್ ಪಕ್ಕದ ಸೌತ್‌ಲೇಕ್‌ನಂಥ ಊರುಗಳಿಗೆ ಕರ್ನಾಟಕದಿಂದ ಮಕ್ಕಳ ಮನೆಗೆ ಬರುವ ಹಿರಿಯರು ಮೀನಖಂಡದ ನೋವನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟು ಇದ್ದವರಿಗೆ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯಿಂದ ನರ ಮಂದವಾದ ಪಾದಕ್ಕೆ ನೋವೇ ತಿಳಿಯದಿರಬಹುದು, ಮಾಯದ ಹುಣ್ಣೊಂದೇ ಸುಳಿವಾಗಬಹುದು. ಮೊದಲ ಪರೀಕ್ಷೆ ಸರಳ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದು ವೈದ್ಯರು ತಿಳಿಯುತ್ತಾರೆ.

ಚಿಕಿತ್ಸೆ ಶುರುವಾಗುವುದು ಹೀಗೆ: ತಂಬಾಕು ಬಿಡುವುದು, ಕೊಲೆಸ್ಟ್ರಾಲ್ ಇಳಿಸುವ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು, ಜೊತೆಗೆ ನಡಿಗೆ. ನೋವು ಬರುವವರೆಗೆ ನಡೆದು, ನಿಂತು ಸುಧಾರಿಸಿಕೊಂಡು, ಮತ್ತೆ ನಡೆಯುವ ಈ ಅಭ್ಯಾಸಕ್ಕೆ 12 ವಾರಗಳಲ್ಲಿ 36 ಸಲದವರೆಗೆ ಹಣ ಕೊಡಲು ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2017ರಲ್ಲಿ ಒಪ್ಪಿತು. ಕಾಲು ಏಕಾಏಕಿ ತಣ್ಣಗಾಗಿ, ಬಿಳಚಿಕೊಂಡು, ತಡೆಯಲಾರದ ನೋವು ಬಂದರೆ ಮಾತ್ರ ಅಂಥ ಅಭ್ಯಾಸಕ್ಕೆ ಕಾಯುವಂತಿಲ್ಲ. ತಕ್ಷಣ ಆಸ್ಪತ್ರೆ ಸೇರಬೇಕು.