ಹೈಕೋರ್ಟಿನ ಕೆಂಪು ಗೋಪುರಗಳು
ಜಾರ್ಜ್ ಟೌನ್ ಕಾಲ್ನಡಿಗೆ, ಚೆನ್ನೈ

ಸೇಂಟ್ ಜಾರ್ಜ್ ಕೋಟೆಯಿಂದ ಉತ್ತರಕ್ಕೆ ನಡೆದು ಬಂದವರು ಇಲ್ಲಿ ತುಸು ಹೊತ್ತು ನಿಲ್ಲಲೇಬೇಕು. 1892ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ರೂಪ ಕೊಟ್ಟವರಲ್ಲಿ ಹೆನ್ರಿ ಇರ್ವಿನ್ ಪ್ರಮುಖರು. 1897ರ ಬೆಂಕಿಯ ನಂತರ ಮೈಸೂರು ಅರಮನೆಗೆ ಹೊಸ ವಿನ್ಯಾಸ ಮಾಡಿದವರೂ ಅವರೇ. ಈ ಗುಮ್ಮಟ, ಕಮಾನುಗಳನ್ನು ಕಂಡ ಮೈಸೂರಿನವರಿಗೆ ಎಲ್ಲೋ ನೋಡಿದ ನೆನಪಾದರೆ ಅದು ಸಹಜ.

ತಲೆ ಎತ್ತಿ ನೋಡಿ. ಅತಿ ಎತ್ತರದ ಗೋಪುರ 1894ರಿಂದ 1977ರವರೆಗೆ ದೀಪಸ್ತಂಭವೂ ಆಗಿತ್ತು. ಬಂದರಿಗೆ ಬರುವ ಹಡಗುಗಳು ನ್ಯಾಯಾಲಯದ ನೆತ್ತಿಯ ಬೆಳಕು ನೋಡಿ ದಿಕ್ಕು ಹಿಡಿಯುತ್ತಿದ್ದವು. ಅದಕ್ಕೂ ಹಿಂದಿನ, 1844ರ ಕಲ್ಲಿನ ದೀಪಸ್ತಂಭ ಆವರಣದಲ್ಲೇ ನಿಂತಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ನೌಕೆ ನಡೆಸಿದ ಶೆಲ್ ದಾಳಿಯನ್ನು ನೆನಪಿಸುವ ಫಲಕವನ್ನು ಪೂರ್ವದ ಗೋಡೆಯಲ್ಲಿ ಕಾಣಬಹುದು.

ಮಂಗಳೂರು, ಉಡುಪಿ, ಕಾಸರಗೋಡಿನ ಜನರಿಗೆ 1956ರವರೆಗೆ ಇದೇ ಹೈಕೋರ್ಟು. ಅಳಿಯಸಂತಾನ ಕುಟುಂಬಗಳ ಆಸ್ತಿ ವ್ಯಾಜ್ಯಗಳು ಮೇಲ್ಮನವಿಯಾಗಿ ಇಲ್ಲಿಗೇ ಬರುತ್ತಿದ್ದವು. ತುಳುನಾಡಿನ ಎಷ್ಟೋ ಮನೆತನಗಳ ಗದ್ದೆ-ತೋಟಗಳ ಪಾಲು ಅರಬ್ಬಿ ಕಡಲಿನಿಂದ ಇಷ್ಟು ದೂರದ ಈ ಕೋಣೆಗಳಲ್ಲಿ ನಿರ್ಧಾರವಾಯಿತು ಎಂಬುದು ಕರಾವಳಿಯ ಚರಿತ್ರೆ ಓದುವವರು ಮರೆಯಬಾರದ ಸಂಗತಿ.

ಎನ್.ಎಸ್.ಸಿ. ಬೋಸ್ ರಸ್ತೆ ದಾಟಿದರೆ ಅರ್ಮೇನಿಯನ್ ಬೀದಿ. 1772ರ ಅರ್ಮೇನಿಯನ್ ಚರ್ಚು ಅಲ್ಲಿದೆ.