ಬೇತೂರಿನ ಶಿಲೆಯೂ ಹೆಳವನ ಹೊತ್ತಿಗೆಯೂ

ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಬೆಳೆದ ನಗರ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಸುತ್ತಲಿನ ಹಳ್ಳಿಗಳನ್ನು ಬಿಟ್ಟು ಇಲ್ಲಿ ನೆಲೆಸಿದ ಮನೆತನಗಳು ಹಲವು. ಇಂತಹ ಮನೆಗಳಲ್ಲಿ ನೆನಪು ಸಾಮಾನ್ಯವಾಗಿ ಮುತ್ತಜ್ಜನ ಹೆಸರಿನವರೆಗೆ ಹೋಗಿ ನಿಲ್ಲುತ್ತದೆ. ಅದರಾಚೆಗಿನ ಹಿರಿಯರನ್ನು ಅರಸುವ ದಾರಿ ಯಾವುದು? ಆ ಅರಸುವಿಕೆಯಲ್ಲಿ ಪಾಲಿಸಬೇಕಾದ ಧರ್ಮ ಯಾವುದು?

ದಾವಣಗೆರೆಯ ಸಮೀಪದ ಬೇತೂರು ಒಂದು ಕುಟುಂಬದ ಗುರುತನ್ನು ಏಳು ಶತಮಾನಗಳಿಗೂ ಮಿಕ್ಕಿ ಕಾಪಾಡಿಕೊಂಡಿದೆ. ಸೇವುಣ ದೊರೆ ಮಹಾದೇವನ ಕಾಲದಲ್ಲಿ ಈ ಸೀಮೆಯ ಆಡಳಿತವನ್ನು ನಡೆಸುತ್ತಿದ್ದವನು ಕೂಚಿರಾಜ. ಪತ್ನಿ ಲಕ್ಷ್ಮಿಯು ಸ್ವರ್ಗಸ್ಥಳಾದಾಗ ಆತನು ಗುರುಗಳಾದ ಪದ್ಮಸೇನ ಭಟ್ಟಾರಕರ ಉಪದೇಶದಂತೆ ಬಸದಿಯೊಂದನ್ನು ಕಟ್ಟಿಸಿ, ಅದಕ್ಕೆ ಲಕ್ಷ್ಮೀ ಜಿನಾಲಯವೆಂದು ಹೆಸರಿಟ್ಟನು. ಇದನ್ನು ತಿಳಿಸುವುದು 1271ರ ಶಾಸನ. ಅಧಿಕಾರಿಯೊಬ್ಬನು ತನ್ನ ಬಿರುದನ್ನಲ್ಲ, ಅಗಲಿದ ಮಡದಿಯ ಹೆಸರನ್ನು ದೇವಮಂದಿರಕ್ಕೆ ಇಟ್ಟನೆಂಬುದು ಗಮನಾರ್ಹ. ಹರಿಹರದಲ್ಲಿ 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಹೊಯ್ಸಳ ದಂಡನಾಥ ಪೋಲಾಳ್ವನ ಹೆಸರೂ ಶಾಸನದಿಂದಲೇ ಉಳಿದಿದೆ. ಚಿತ್ರದುರ್ಗ ಜಿಲ್ಲೆಯ ಇಂತಹ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಸಂಕಲಿಸಿದರು.

ಆದರೆ ಕಲ್ಲಿನಲ್ಲಿ ಹೆಸರು ಕೆತ್ತಿಸುವ ಅನುಕೂಲ ಉಳುವವನಿಗೆಲ್ಲಿತ್ತು? ಅವನ ವಂಶವನ್ನು ನೆನಪಿಟ್ಟವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಗಂಟೆ ಬಾರಿಸುತ್ತ ಬರುವ ಹೆಳವನು ಮನೆಯ ಮುಂದೆ ಕುಳಿತು, ಮೂಲಪುರುಷನು ಯಾವ ಊರಿನಿಂದ ಬಂದನು, ಅಣ್ಣತಮ್ಮಂದಿರು ಎಲ್ಲಿ ಕವಲೊಡೆದರು ಎಂಬುದನ್ನು ಹಾಡಿ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ಕೆಲವೊಮ್ಮೆ ಕರುವನ್ನೇ ಕಾಣಿಕೆಯಾಗಿ ಪಡೆಯುತ್ತಾನೆ. ಇಂತಿಷ್ಟು ಮನೆತನಗಳು ಇಂತಹ ಹೆಳವನಿಗೆ ಸೇರಿದುವೆಂಬ ಕಟ್ಟೂ ಉಂಟು. ಕಂಠದಲ್ಲಿದ್ದ ವಂಶಾವಳಿ ಕಾಲಕ್ರಮದಲ್ಲಿ ಹೊತ್ತಿಗೆಗೂ ಇಳಿಯಿತು. ಇದರೊಡನೆ ಕಂದಾಯದ ಕಡತಗಳನ್ನೂ ನೋಡಬೇಕು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಆರಂಭವಾದುದು 1863ರಲ್ಲಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೂ ಹಿಂದಿನ ಸಂಗತಿಗಳನ್ನು ಅರಸುವವರು ಚಿತ್ರದುರ್ಗ ಜಿಲ್ಲೆಯ ದಾಖಲೆಗಳತ್ತ ತಿರುಗಬೇಕು.

ಇಲ್ಲಿಯೇ ಶ್ರಾವಕನ ವಿವೇಕಕ್ಕೆ ಕೆಲಸ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ರಹೋಭ್ಯಾಖ್ಯಾನ ಇನ್ನೊಂದು. ಕಡತದಲ್ಲಿ ಕಾಣದ ಕೊಂಡಿಯನ್ನು ಊಹೆಯಿಂದ ಬೆಸೆದು, ಬಡ ಒಕ್ಕಲಿಗನನ್ನು ದಂಡನಾಯಕನ ಸಂತತಿಯೆಂದು ಬರೆಯುವುದು ಮೊದಲನೆಯದು. ಹಿರಿಯರ ಬಾಳಿನ ಗುಟ್ಟನ್ನು, ಬದುಕಿರುವವರು ನೋಯುವಂತೆ ಬಯಲಿಗೆಳೆಯುವುದು ಎರಡನೆಯದು. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಕುಲಮದವೂ ಸೇರಿದೆಯೆಂಬುದನ್ನು ಮರೆಯಲಾಗದು. ಹಿರಿಯನು ಗೇಣಿದಾರನಾಗಿದ್ದರೆ ಗೇಣಿದಾರನೆಂದೇ, ಸಾಲಗಾರನಾಗಿದ್ದರೆ ಸಾಲಗಾರನೆಂದೇ ಬರೆಯುವುದು ಅವನಿಗೆ ಸಲ್ಲಿಸುವ ಗೌರವ.

ಬೇತೂರಿನ ಶಿಲೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ತಂದೆಯಿಂದ ಮಗನಿಗೆ ಇಳಿಯುವ ವಂಶವೃಕ್ಷದಲ್ಲಿ ತಾಯಂದಿರ ಹೆಸರು ಸುಲಭವಾಗಿ ಉದುರಿಹೋಗುತ್ತದೆ. ಯಾವ ಊರಿನ ಮಗಳು ಈ ಮನೆಗೆ ಸೊಸೆಯಾಗಿ ಬಂದಳು, ಎಷ್ಟು ಮಕ್ಕಳನ್ನು ಹೆತ್ತು ಎಷ್ಟನ್ನು ಕಳೆದುಕೊಂಡಳು ಎಂಬುದನ್ನು ಬಲ್ಲವರು ಮನೆಯ ಹಿರಿಯ ಹೆಂಗಸರು. ಅವರನ್ನು ಕೇಳಿ, ಹೇಳಿದುದನ್ನು ಹೇಳಿದಂತೆಯೇ ಬರೆದಿಡುವ ಕೆಲಸಕ್ಕೆ ಬಸದಿ ಕಟ್ಟಿಸುವ ಸಂಪತ್ತು ಬೇಕಿಲ್ಲ. ಒಂದು ಹೊತ್ತಿಗೆಯೂ ತಾಳ್ಮೆಯೂ ಸಾಕು.